ಕೀಲಿಮಣೆ ನಿಮ್ಮದು, ಕೀಲಿಕೈ ಯಾರದು?

ಕನ್ನಡದ ಹುಡುಗರೇ, ಹುಡುಗಿಯರೇ,

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯನ್ನು ನಿಮ್ಮಲ್ಲಿ ಎಷ್ಟು ಮಂದಿ ಕಣ್ಣಾರೆ ಕಂಡಿದ್ದೀರಿ? ಕೈ ಎತ್ತಬೇಡಿ, ಉತ್ತರ ಗೊತ್ತಿದೆ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿಯ ಅಶೋಕನ ಶಾಸನವನ್ನು ಬೆಳಕಿಗೆ ತಂದ. ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಅದೇ ಶಾಸನವಿದೆ. ಅದರಲ್ಲಿ ಬರೆದಿರುವುದೇನು? ಸುವರ್ಣಗಿರಿಯಲ್ಲಿ ಕೂತ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ. ಭಾಷೆ ಪ್ರಾಕೃತ. ಬರೆದವನು ಚಪಡ, ಅವನು ತನ್ನ ಹೆಸರಿನ ಜೊತೆ 'ಲಿಪಿಕಾರ' ಎಂಬ ಪದವನ್ನು ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ಹೋಗಿದ್ದಾನೆ. ಆಜ್ಞೆ ದೂರದ್ದು, ಮಾತು ಹೊರಗಿನದು, ಬರೆದವನೂ ಹೊರಗಿನವನು. ಬಂಡೆ ಮಾತ್ರ ನಮ್ಮದು!

ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಕತೆ ಈಗೇಕೆ ಅಂತೀರಾ? ನಿಮ್ಮ ಮುಂದಿರುವ ಲ್ಯಾಪ್‌ಟಾಪನ್ನು ಒಮ್ಮೆ ತೆರೆದು ನೋಡಿ. ಸೆಟ್ಟಿಂಗ್ಸ್‌ಗೆ ಹೋಗಿ. ಮೇಲೆ ಒಂದು ಸಾಲು ಕಾಣುತ್ತದೆ: 'ಸಮ್ ಆಫ್ ದೀಸ್ ಸೆಟ್ಟಿಂಗ್ಸ್ ಆರ್ ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್'. ಅಂದರೆ ಏನು? ಈ ಯಂತ್ರ ನಿಮ್ಮ ತೊಡೆಯ ಮೇಲಿದೆ, ಬಿಸಿ ನಿಮಗೆ ತಾಗುತ್ತಿದೆ, ಆದರೆ ಲಗಾಮು ಬೇರೆಯವರ ಕೈಲಿದೆ. ಅಶೋಕನಾದರೂ ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ, ನಿಜ ಹೇಳಿ ಎಂದು ಕೆತ್ತಿಸಿದ. ಈಗಿನ ಆಜ್ಞೆಯಲ್ಲಿ ಅಂಥ ಒಳ್ಳೆ ಮಾತೂ ಇಲ್ಲ. ನಿಮ್ಮ ಭಾಷೆಯ ಕೀಲಿಮಣೆ ಬೇಕೆಂದರೆ ಅನುಮತಿ ಇಲ್ಲ, ಅಷ್ಟೆ.

ತಂತ್ರಜ್ಞಾನದ ಮಾತು ಬಂದ ಕೂಡಲೇ 'ಇದು ಚಳವಳಿಯ ವಿಷಯವಲ್ಲ' ಎಂದು ಪುಟ ತಿರುವಬೇಡಿ. ಅನ್ನದ ವಿಷಯ ಇದು. ಮೊದಲು ಅರ್ಥ ಮಾಡಿಕೊಳ್ಳೋಣ.

ಮೂರು ಬೇರೆಬೇರೆ ಸಾಮಾನುಗಳಿದ್ದವು. ಒಂದು, ಡಿವೈಸ್ ಮ್ಯಾನೇಜ್‌ಮೆಂಟ್. ಕಂಪನಿಯ ಸಾವಿರಾರು ಲ್ಯಾಪ್‌ಟಾಪು, ಫೋನುಗಳಿಗೆ ಒಂದೇ ಕಡೆಯಿಂದ ಅಪ್ಪಣೆ ಕೊಡುವ ತಂತ್ರಾಂಶ. ಯಾವ ಆಪ್ ಇರಬೇಕು, ಯಾವುದು ಇರಬಾರದು, ಪಾಸ್‌ವರ್ಡ್ ಎಷ್ಟು ಉದ್ದ, ಕಳೆದುಹೋದರೆ ಅಳಿಸಿಹಾಕುವುದು ಹೇಗೆ, ಎಲ್ಲ ಅದರ ಪಾಲು. ಮೈಕ್ರೋಸಾಫ್ಟಿನ ಇನ್‌ಟ್ಯೂನ್ ಈ ಜಾತಿಯದು. ಎರಡು, ವರ್ಚುವಲ್ ಡೆಸ್ಕ್‌ಟಾಪ್. ಕಂಪ್ಯೂಟರ್ ಓಡುವುದು ಎಲ್ಲೋ ಸರ್ವರ್ ಮನೆಯಲ್ಲಿ. ನಿಮಗೆ ಬರುವುದು ಅದರ ಚಿತ್ರ ಮಾತ್ರ. ನೀವು ಒತ್ತಿದ ಕೀಲಿ ಅಲ್ಲಿಗೆ ಹೋಗುತ್ತದೆ, ಅಲ್ಲಿ ಮೂಡಿದ ಪರದೆ ಇಲ್ಲಿಗೆ ಬರುತ್ತದೆ. 1989ರಲ್ಲಿ ಹುಟ್ಟಿದ ಸಿಟ್ರಿಕ್ಸ್ ಈ ದಾರಿ ತೋರಿಸಿತು, 1998ರಲ್ಲಿ ಮೈಕ್ರೋಸಾಫ್ಟ್ ಟರ್ಮಿನಲ್ ಸರ್ವರ್ ತಂದಿತು, 2021ರ ಆಗಸ್ಟಿನಲ್ಲಿ 'ವಿಂಡೋಸ್ 365' ಎಂದು ಇಡೀ ಕಂಪ್ಯೂಟರನ್ನೇ ತಿಂಗಳ ಬಾಡಿಗೆಗೆ ಬಿಟ್ಟಿತು. ಮೂರು, ರಿಮೋಟ್ ಪಿಸಿ. ಬೆಂಗಳೂರಿನ ಕಚೇರಿ ಮೇಜಿನ ಮೇಲೆ ನಿಮ್ಮ ಹಳೆಯ ಪಿಸಿ ಹಾಗೇ ಕೂತಿರುತ್ತದೆ, ನೀವು ಊರಿಂದ ಅದರೊಳಗೆ ಹೊಕ್ಕು ಕೆಲಸ ಮಾಡುತ್ತೀರಿ.

ಈಗ ಈ ಮೂರನ್ನೂ ಒಂದೇ ಹಗ್ಗದಲ್ಲಿ ಹೊಸೆದಿದ್ದಾರೆ. ತೊಡೆಯ ಮೇಲಿನ ಲ್ಯಾಪ್‌ಟಾಪು, ಮೋಡದಲ್ಲಿರುವ ಡೆಸ್ಕ್‌ಟಾಪು, ಕಚೇರಿಯ ಪಿಸಿ ಎಲ್ಲವೂ ಒಬ್ಬನೇ ಆಡಳಿತಗಾರನ ಪರದೆಯಲ್ಲಿ ಒಂದೇ ಪಟ್ಟಿಯಾಗಿ ಕಾಣುತ್ತವೆ. ನಿಮ್ಮ ಮನೆಯ ಯಂತ್ರ ನಿಯಮ ಪಾಲಿಸಿದೆಯೋ ಇಲ್ಲವೋ ಎಂದು ಮೊದಲು ತಪಾಸಣೆ. ಪಾಸಾದರೆ ಮಾತ್ರ ದೂರದ ಡೆಸ್ಕ್‌ಟಾಪಿನ ಬಾಗಿಲು ತೆರೆಯುತ್ತದೆ. ಒಳಗೆ ಹೋದ ಮೇಲೆ ಅಲ್ಲಿಯೂ ಅದೇ ನಿಯಮ.

ಇದನ್ನು ಸುಮ್ಮನೆ ಬೈದು ಕೂರುವುದು ಜಾಣತನವಲ್ಲ. ನಿಜ ಹೇಳಬೇಕೆಂದರೆ, ಚಳ್ಳಕೆರೆಯಂಥ ಊರಿಗೆ ಇದು ವರವಾಗಬಹುದಿತ್ತು. ಲೆಕ್ಕ ಹಾಕಿ ನೋಡಿ. ಚಳ್ಳಕೆರೆಯಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಶೇಂಗಾ ಎಣ್ಣೆಯ ಗಿರಣಿಗಳ ಊರು, ಕಂಬಳಿಯ ಊರು, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಅಲ್ಲಿ ಡಿಗ್ರಿ ಮುಗಿಸಿದ ಹುಡುಗಿ ಬೆಂಗಳೂರಿಗೆ ಬಂದು ಪಿ.ಜಿ.ಯ ಮಂಚಕ್ಕೆ ಅರ್ಧ ಸಂಬಳ ಸುರಿಯುವ ಬದಲು ತನ್ನ ಮನೆಯ ಪಡಸಾಲೆಯಲ್ಲೇ ಕೂತು ದುಡಿಯಬಹುದು. ಕೆಲಸದ ನಡುವೆ ಕರೆಂಟು ಹೋದರೂ ದೂರದ ಡೆಸ್ಕ್‌ಟಾಪು ಆರುವುದಿಲ್ಲ. ಕರೆಂಟು ಬಂದ ಮೇಲೆ ಮತ್ತೆ ಹೊಕ್ಕರೆ ಬಿಟ್ಟ ಸಾಲು ಬಿಟ್ಟ ಜಾಗದಲ್ಲೇ ಇರುತ್ತದೆ. ಕಡತ ಲ್ಯಾಪ್‌ಟಾಪಿಗೆ ಇಳಿಯುವುದೇ ಇಲ್ಲವಾದ್ದರಿಂದ ಬಸ್ಸಿನಲ್ಲಿ ಚೀಲ ಕಳೆದರೂ ಗಿರಾಕಿಯ ಗುಟ್ಟು ಕಳೆಯುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತು ಮೂಲೆ ಸೇರಿದ ಹಳೆ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಈ ಕೆಲಸಕ್ಕೆ ಅದೇ ಸಾಕು. ಕಾನೂನಿನ ಅಡ್ಡಿಯೂ ಇಲ್ಲ. 2020ರ ನವೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯೇ ನಿಯಮ ಸಡಿಲಿಸಿ, ಈ ಬಗೆಯ ಕಂಪನಿಗಳ ನೌಕರರು ದೇಶದ ಎಲ್ಲಿಂದಲಾದರೂ ಕೆಲಸ ಮಾಡಬಹುದೆಂದಿತು.

ಹಾಗಿದ್ದರೆ ತಕರಾರು ಎಲ್ಲಿ? ತಕರಾರು ಇರುವುದು 'ಇಮೇಜ್' ಎಂಬ ಪದಾರ್ಥದಲ್ಲಿ.

ಅಚ್ಚಿನಲ್ಲೇ ಕನ್ನಡವಿಲ್ಲ!

ದೂರದ ಡೆಸ್ಕ್‌ಟಾಪನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಟ್ಟುವುದಿಲ್ಲ. ಒಂದು ಅಚ್ಚು ಮಾಡುತ್ತಾರೆ. ವಿಂಡೋಸ್, ಆಫೀಸ್, ಕಂಪನಿಯ ತಂತ್ರಾಂಶ ಎಲ್ಲ ಸೇರಿಸಿ ಒಂದು ಮಾದರಿ ಪ್ರತಿ. ಆ ಅಚ್ಚಿನಿಂದ ಸಾವಿರ ಇಟ್ಟಿಗೆ ಎರಕ ಹೊಯ್ಯುತ್ತಾರೆ. ಅಚ್ಚಿನಲ್ಲಿ ಕನ್ನಡ ಇದ್ದರೆ ಸಾವಿರದಲ್ಲೂ ಇರುತ್ತದೆ. ಇಲ್ಲದಿದ್ದರೆ ಒಂದರಲ್ಲೂ ಇರುವುದಿಲ್ಲ. ನೀವೇ ಹಾಕಿಕೊಳ್ಳುತ್ತೀರೋ? ಹೊಸ ಭಾಷಾಪ್ಯಾಕ್ ಹಾಕಲು ಆಡಳಿತಗಾರನ ಹಕ್ಕು ಬೇಕು, ನಿಮಗದು ಇಲ್ಲ. ಬಳಕೆದಾರ ಭಾಷೆ ಸೇರಿಸಿಕೊಳ್ಳದಂತೆ ತಡೆಯಲೆಂದೇ ಒಂದು ನಿಯಮ ತಯಾರಿದೆ. ಆಡಳಿತಗಾರ ಒಂದು ಗುಂಡಿ ಒತ್ತಿದರೆ ಮುಗಿಯಿತು. ಹೇಗೋ ಹಾಕಿಕೊಂಡಿರಿ ಎನ್ನಿ. ಬಹಳ ಕಡೆ ಈ ಡೆಸ್ಕ್‌ಟಾಪುಗಳು ನೀವು ಲಾಗ್ ಆಫ್ ಆದ ಕೂಡಲೇ ಮೂಲ ಅಚ್ಚಿಗೆ ಮರಳುತ್ತವೆ. ನಾಳೆ ಬೆಳಿಗ್ಗೆ ಬಂದರೆ ನಿಮ್ಮ ಕನ್ನಡ ರಾತ್ರೋರಾತ್ರಿ ಗುಡಿಸಿಹೋಗಿರುತ್ತದೆ.

'ನನ್ನ ಲ್ಯಾಪ್‌ಟಾಪಿನಲ್ಲಿ ನುಡಿ ಇದೆಯಲ್ಲ' ಅಂತೀರಾ? ಕೆ.ಪಿ. ರಾವ್ ಅವರು ರೂಪಿಸಿದ, ಸರ್ಕಾರ ಒಪ್ಪಿದ ವಿನ್ಯಾಸದಲ್ಲಿ ಕನ್ನಡ ಗಣಕ ಪರಿಷತ್ತು ಕಟ್ಟಿದ ನುಡಿ ಇರಬಹುದು. ಅದು ಕೀಲಿಯನ್ನು ನಡುದಾರಿಯಲ್ಲಿ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುವ ತಂತ್ರಾಂಶ. ಆದರೆ ದೂರದ ಡೆಸ್ಕ್‌ಟಾಪಿನ ಕಿಟಕಿ ತೆರೆದರೆ ಕೀಲಿಗಳು ಹೆಚ್ಚಾಗಿ ನೇರ ಅತ್ತ ಓಡುತ್ತವೆ. ನಿಮ್ಮ ಕಡೆಯ ನುಡಿಗೆ ಅವು ಸಿಗುವುದಿಲ್ಲ, ಸಿಕ್ಕರೂ ಹಲವು ಸಲ ಅಕ್ಷರ ಕಲಸಿಹೋಗುತ್ತದೆ. ಆ ಕಡೆಯ ಅಚ್ಚಿನಲ್ಲಿ ನುಡಿ ಇದ್ದರೆ ಮಾತ್ರ ಬಾಳು. ಅಲ್ಲಿ 'ಅನುಮತಿ ಪಡೆದ ತಂತ್ರಾಂಶಗಳ ಪಟ್ಟಿ' ಅಂತ ಒಂದಿದೆ. ಕರ್ನಾಟಕ ಸರ್ಕಾರವೇ ಒಪ್ಪಿ ಹಂಚಿದ ತಂತ್ರಾಂಶ, ಕರ್ನಾಟಕದ ನೆಲದಲ್ಲಿರುವ ಕಂಪನಿಯ ಆ ಪಟ್ಟಿಯಲ್ಲಿದೆಯೇ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದ್ದೀರಾ?

ಇಲ್ಲಿ ಮೈಕ್ರೋಸಾಫ್ಟನ್ನು ಬೈದು ಪ್ರಯೋಜನವಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ತುಂಗಾ ಎಂಬ ಕನ್ನಡ ಫಾಂಟ್ ಅದರಲ್ಲಿದೆ. ಕನ್ನಡ ಭಾಷಾಪ್ಯಾಕ್ ಇದೆ, ಅದಕ್ಕೆ ಬೇರೆ ದುಡ್ಡಿಲ್ಲ. 2019ರಲ್ಲಿ ಉಚ್ಚಾರಣೆಯಂತೆ ಬೆರಳಚ್ಚಿಸುವ ಕನ್ನಡ ಕೀಲಿಮಣೆಯನ್ನೂ ಸೇರಿಸಿದರು. ಸಾಮಾನೆಲ್ಲ ಅಂಗಡಿಯಲ್ಲಿದೆ. ಅಚ್ಚು ಮಾಡುವವನು ಅದನ್ನು ಒಳಗೆ ಹಾಕುವುದಿಲ್ಲ. ಯಾಕೆ? ಯಾರೂ ಕೇಳಿಲ್ಲ. ಯಾರೂ ಯಾಕೆ ಕೇಳಿಲ್ಲ? ಅಚ್ಚು ಮಾಡುವ ಆ ಇಂಜಿನಿಯರ್ ಬಹಳ ಕಡೆ ನೀವೇ! ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಕೂತು ಜಗತ್ತಿನ ಕಂಪನಿಗಳಿಗೆಲ್ಲ ಜರ್ಮನ್, ಜಪಾನಿ, ಫ್ರೆಂಚ್ ಭಾಷಾಪ್ಯಾಕ್ ಸೇರಿಸಿ ಅಚ್ಚು ಎರೆದು ಕಳಿಸುವವರು ನೀವು. ಅವರದಕ್ಕೆ ಕೈ ಆಡುತ್ತದೆ, ನಮ್ಮದಕ್ಕೆ ನಡುಗುತ್ತದೆ. ನಾಚಿಕೆಯಾಗಬೇಕು.

'ಸಾಫ್ಟ್‌ವೇರ್ ಕೆಲಸದಲ್ಲಿ ಕನ್ನಡ ಎಲ್ಲಿ ಬರುತ್ತೆ ಸಾರ್?' ಎಂಬ ಮಾತು ನನ್ನ ಕಿವಿಗೆ ಬಿದ್ದೇ ಇದೆ. ಬರುತ್ತದೆ. ಬ್ಯಾಂಕಿನ ಸಾಲದ ದೂರು ಕನ್ನಡದಲ್ಲಿ ಬರುತ್ತದೆ. ವಿಮೆಯವರಿಗೆ ಮೊಳಕಾಲ್ಮೂರಿನ ನೇಕಾರ ಕನ್ನಡದಲ್ಲೇ ಬರೆಯುತ್ತಾನೆ. ಗಿರಾಕಿ ಸೇವೆಯ ಹುಡುಗ ಆ ದೂರನ್ನು ದೂರದ ಡೆಸ್ಕ್‌ಟಾಪಿನಲ್ಲಿ ತೆರೆಯುತ್ತಾನೆ, ಓದುತ್ತಾನೆ, ಕನ್ನಡದಲ್ಲಿ ಉತ್ತರ ಬರೆಯಲು ಕೀಲಿಮಣೆ ಇಲ್ಲ. ಕಂಗ್ಲಿಷಿನಲ್ಲಿ ಗೀಚಿ ಕಳಿಸುತ್ತಾನೆ. ಆ ನೇಕಾರ ಅದನ್ನು ಓದಿಸಿಕೊಳ್ಳಲು ಇನ್ನೊಬ್ಬನ ಮನೆ ಬಾಗಿಲು ತಟ್ಟಬೇಕು. ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮುದ್ರೆ ಪಡೆದ ಊರಿನ ಮನುಷ್ಯನಿಗೆ ತನ್ನ ಪತ್ರದ ಉತ್ತರ ತನ್ನ ಲಿಪಿಯಲ್ಲಿ ಸಿಗುವುದಿಲ್ಲ!

ಆಗುವುದಿಲ್ಲ ಎನ್ನುವವರಿಗೆ ಒಂದು ಮಾತು. ಇಪ್ಪತ್ತು ವರ್ಷಕ್ಕೂ ಹಿಂದೆ 'ಭೂಮಿ' ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕನ್ನಡದಲ್ಲೇ ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಗೆ ಕನ್ನಡದ ಪಹಣಿ ಕೈಗೆ ಬಂತು. ಯಾರು ತಿದ್ದಿದರು ಎಂದು ತಿಳಿಯಲು ಬೆರಳಚ್ಚಿನ ಬೀಗ ಆಗಲೇ ಇತ್ತು. ಗುಮಾಸ್ತರು ಕನ್ನಡದಲ್ಲಿ ಕೀಲಿ ಕುಟ್ಟಿದರು. ಆಗ ಆದದ್ದು ಈಗ ಆಗದೇ?

ಪಕ್ಕದ ಕೇರಳ ನೋಡಿ. 2001ರಲ್ಲೇ ಅಲ್ಲಿ ಶಾಲೆಗಳಿಗೆ ಐ.ಟಿ. ಯೋಜನೆ ಶುರುವಾಯಿತು. ಈಗ ಕೈಟ್ ಸಂಸ್ಥೆ ತಾನೇ ಹೊಂದಿಸಿದ ಲಿನಕ್ಸ್ ಅಚ್ಚನ್ನು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಹಾಕುತ್ತದೆ, ತನ್ನ ಭಾಷೆಯನ್ನು ಒಳಗಿಟ್ಟೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಠ್ಯವನ್ನು ಕನ್ನಡದಲ್ಲಿ ಅಚ್ಚು ಮಾಡಿ ಕೊಡುವುದೂ ಆ ಸರ್ಕಾರವೇ. ಕಾಸರಗೋಡಿಗಾಗಿ ಕೇರಳದ ಮೇಲೆ ನಾವು ಹೂಡಿದ ಜಗಳ ಜಗಳವೇ. ಆದರೆ ಈ ಪಾಠ ಕಲಿಯಲು ಮರ್ಯಾದೆ ಹೋಗುವುದಿಲ್ಲ.

ಸ್ವಿಚ್ ಯಾರ ಕೈಲಿ?

ಭಾಷೆಯ ಜೊತೆಗೆ ಇನ್ನೊಂದು ಪ್ರಶ್ನೆ ಇದೆ. ಕೀಲಿಕೈ ದೂರದಲ್ಲಿದ್ದರೆ ಬಾಗಿಲು ಮುಚ್ಚುವವನೂ ದೂರದವನೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ನೂಕಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅದು ಕೈತಪ್ಪು. 2025ರ ಜುಲೈನಲ್ಲಿ ನಡೆದದ್ದು ಕೈತಪ್ಪಲ್ಲ. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣ ನಡೆಸುವ ನಯಾರಾ ಎನರ್ಜಿಯ ಮೇಲೆ ಯುರೋಪಿನ ಒಕ್ಕೂಟ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದರ ಸೇವೆ ನಿಲ್ಲಿಸಿತು. ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಸೇವೆ ಮರಳಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ಚಳ್ಳಕೆರೆಯ ಪಡಸಾಲೆಯಲ್ಲಿ ಕೂತ ನಿಮ್ಮ ತಂಗಿಗೆ ಯಾವ ಹೈಕೋರ್ಟು? ಬೆಳಿಗ್ಗೆ ಲಾಗಿನ್ ಆಗದಿದ್ದರೆ ಕೆಲಸ ಹೋಯಿತು ಅಂತಲೇ ತಿಳಿಯಬೇಕು.

ಕೀಲಿಕೈ ಎಲ್ಲಿದೆ ಎಂದು ನಕ್ಷೆಯ ಮೇಲೆ ನೋಡಿ. ಅಮೆಜಾನಿನ ಕ್ಲೌಡ್ ವಲಯ ಮುಂಬೈ ಮತ್ತು ಹೈದರಾಬಾದಿನಲ್ಲಿ. ಗೂಗಲಿನದು ಮುಂಬೈ, ದೆಹಲಿಯಲ್ಲಿ. ಮೈಕ್ರೋಸಾಫ್ಟ್ 2015ರಲ್ಲೇ ಪುಣೆ, ಚೆನ್ನೈ, ಮುಂಬೈ ಹಿಡಿಯಿತು. 'ಸಿಲಿಕಾನ್ ಸಿಟಿ' ಎಂದು ಎದೆ ತಟ್ಟಿಕೊಳ್ಳುವ ಬೆಂಗಳೂರಿಗೆ ಈ ಮೂರೂ ಸೇರಿ ಒಂದು ವಲಯವನ್ನೂ ಕೊಟ್ಟಿಲ್ಲ. ದೂರದಿಂದ ಕೆಲಸ ನಿಧಾನವಾಗುತ್ತದೆ ಎಂಬ ವಾದ ನನ್ನದಲ್ಲ. ಚೆನ್ನೈನಿಂದ ಚಳ್ಳಕೆರೆಗೆ ಬೆಳಕು ಬರಲು ಎಷ್ಟು ಹೊತ್ತು? ಚಳ್ಳಕೆರೆಯಲ್ಲೇ ಸರ್ವರ್ ಮನೆ ಕಟ್ಟಿ ಅಂತಲೂ ಕೇಳುವುದಿಲ್ಲ. ಕುಡಿಯಲು ನೀರಿಲ್ಲದ ಊರಿನಲ್ಲಿ ಯಂತ್ರ ತಂಪು ಮಾಡಲು ನೀರು ಸುರಿಯುವುದು ಪಾಪ. ನಾನು ಹೇಳುವುದಿಷ್ಟೆ: ಬೆಂಗಳೂರಿನ ಕನ್ನಡಿಗ ಕೂಲಿ ಮಾಡುತ್ತಾನೆ, ಗೋದಾಮು ಬೇರೆಯವರ ಊರಲ್ಲಿದೆ.

ಚಳ್ಳಕೆರೆ ಏನೂ ಕೊಟ್ಟಿಲ್ಲವೇ? ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಹುಲ್ಲುಗಾವಲು ಡಿ.ಆರ್.ಡಿ.ಒ., ಇಸ್ರೋ, ಭಾಭಾ ಅಣುಶಕ್ತಿ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದವರ ಪಾಲಾಯಿತು. ಕುರಿ ಮೇಯಿಸುತ್ತಿದ್ದವರ ಎದುರು ಗೋಡೆ ಎದ್ದಿತು. 2023ರ ಏಪ್ರಿಲ್ 2ರಂದು ಇದೇ ಚಳ್ಳಕೆರೆಯ ಪರೀಕ್ಷಾ ಓಡುದಾರಿಯಲ್ಲಿ ಇಸ್ರೋದ ಮರುಬಳಕೆಯ ವಾಹನ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ, ಒಳಗೆ ಯಾರೂ ಇಲ್ಲದೆ, ತಾನೇ ದಾರಿ ಹಿಡಿದು ಬಂದು ಇಳಿಯಿತು. ಹೆಮ್ಮೆಯೇ. ಮನುಷ್ಯನಿಲ್ಲದ ವಿಮಾನ ಇಳಿಸಲು ಗೊತ್ತಿರುವ ದೇಶಕ್ಕೆ ಗೋಡೆಯ ಆಚೆ ಇರುವ ಹಳ್ಳಿಯ ಹುಡುಗನ ದೂರದ ಪರದೆಯಲ್ಲಿ 'ಕ' ಬರೆಯುವ ವ್ಯವಸ್ಥೆ ಮಾಡಲು ಗೊತ್ತಿಲ್ಲ ಎಂದರೆ ನಂಬಬೇಕೇ?

ಗಡಿಯ ಆಚೆ, ರಾಯದುರ್ಗದ ಕಡೆ, ಆಂಧ್ರ ಸರ್ಕಾರ 2025ರ ಫೆಬ್ರವರಿಯಲ್ಲಿ ಊರಲ್ಲೇ ಕೂತು ಕೆಲಸ ಮಾಡುವ ಕೇಂದ್ರಗಳಿಗೆ ಉತ್ತೇಜನ ಕೊಡುತ್ತೇವೆ, ಹೆಣ್ಣುಮಕ್ಕಳಿಗೆ ಮನೆಯಿಂದ ಕೆಲಸ ಎಂದು ಸಾರಿತು. ಮಾಡುತ್ತದೋ ಬಿಡುತ್ತದೋ ಬೇರೆ ಮಾತು. ನಮ್ಮ 'ಬಿಯಾಂಡ್ ಬೆಂಗಳೂರು' ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದ ಹೆಸರನ್ನೇ ಮುಂದೆ ಮಾಡಿಕೊಂಡು ತಿರುಗುತ್ತಿದೆ. ಮೊಳಕಾಲ್ಮೂರು ಗಡಿ ತಾಲ್ಲೂಕು ಎಂಬುದು ಭಾಷಣಕ್ಕೆ ಮಾತ್ರ ನೆನಪಾಗುತ್ತದೆ.

ಇನ್ನು ಮನೆಯೊಳಗಿನ ಅಪಾಯ. ದೂರದಿಂದ ಯಂತ್ರದೊಳಗೆ ಹೊಗುವ ವಿದ್ಯೆ ಕಂಪನಿಗೆ ಮಾತ್ರ ಗೊತ್ತಿಲ್ಲ, ಕಳ್ಳನಿಗೂ ಗೊತ್ತು. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕೇ ಎನಿಡೆಸ್ಕ್ ಆಪ್ ಬಳಸಿ ನಡೆಯುವ ಮೋಸದ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತು. ಆಪ್ ಕೆಟ್ಟದ್ದಲ್ಲ, ಕಂಪನಿಗಳು ದಿನವೂ ಬಳಸುವ ಸಾಮಾನೇ. ಬ್ಯಾಂಕಿನವನೆಂದು ಫೋನ್ ಬರುತ್ತದೆ, ಇಂಥ ಆಪ್ ಹಾಕಿಕೊಳ್ಳಿ ಅನ್ನುತ್ತಾನೆ, ಒಂಬತ್ತಂಕಿಯ ನಂಬರ್ ಕೇಳುತ್ತಾನೆ. ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ, ಇಂಗ್ಲಿಷಿನಲ್ಲಿ. ಶೇಂಗಾ ಮಾರಿ ಬಂದ ಅಪ್ಪ 'ಅಲೋ' ಎಂದು ಬರೆದ ಗುಂಡಿ ಒತ್ತುತ್ತಾರೆ. ಒತ್ತದೆ ಏನು ಮಾಡುತ್ತಾರೆ, ಓದಲು ಬರಬೇಕಲ್ಲ! ಮಾರಿದ ದುಡ್ಡು ಅದೇ ರಾತ್ರಿ ಖಾಲಿ. ಆ ಫೋನಿನಲ್ಲಿ ಕನ್ನಡ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಎರಡು ಬೆರಳಿನ ಕೆಲಸ. ಫೋನು ಕೊಡಿಸಿದ ಮಗ ಬೆಂಗಳೂರಿನಲ್ಲಿ ರಾಜ್ಯೋತ್ಸವದ ಟಿ-ಶರ್ಟ್ ಹಾಕಿಕೊಂಡು ಅದನ್ನು ಇಂಗ್ಲಿಷಿನಲ್ಲೇ ಬಿಟ್ಟು ಬಂದಿದ್ದ. ನಿಮ್ಮ ಅಪ್ಪ ಅಮ್ಮನ ಫೋನು ಯಾವ ಭಾಷೆಯಲ್ಲಿದೆ? ಈ ವಾರ ಊರಿಗೆ ಹೋದಾಗ ನೋಡಿ. ಹಾಗೇ 1930 ಎಂಬ ಸೈಬರ್ ಸಹಾಯವಾಣಿಯ ನಂಬರನ್ನು ಗೋಡೆಗೆ ಬರೆದು ಬನ್ನಿ.

ಕಾನೂನು ಏನೂ ಇಲ್ಲ ಎಂದುಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ನಿಮ್ಮ ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಾಗಲೀ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲೀ ಪಡೆಯುವ ಆಯ್ಕೆ ನಿಮಗಿದೆ. ಕನ್ನಡ ಆ ಅನುಸೂಚಿಯಲ್ಲಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಲಂಗಳ ಜಾರಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟರು. ಆದರೆ ಒಂದು ಕಳ್ಳಗಿಂಡಿ ಇದೆ. ಉದ್ಯೋಗದ ಉದ್ದೇಶಕ್ಕೆ, ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದೆಂದು ಅದೇ ಕಾಯ್ದೆಯ ಏಳನೇ ಕಲಂ ಹೇಳುತ್ತದೆ. ಕಂಪನಿಗಳು ಇದರ ಹಿಂದೆ ಅಡಗುತ್ತವೆ. ಅಡಗಲಿ, ಆದರೂ ಕೇಳಿ. ನಿಮ್ಮ ಸ್ವಂತ ಫೋನನ್ನು ಕಂಪನಿಯ ಪಟ್ಟಿಗೆ ಸೇರಿಸುವ ಮುನ್ನ ಕೇಳಿ: ನೀವು ನೋಡುವುದೇನು, ಅಳಿಸುವುದೇನು? ಆಂಡ್ರಾಯ್ಡಿನಲ್ಲಿ 'ವರ್ಕ್ ಪ್ರೊಫೈಲ್' ಎಂದು ಪ್ರತ್ಯೇಕ ಕೋಣೆ ಇದೆ. ನಿಮ್ಮದೇ ಫೋನಿನಲ್ಲಿ ಅದನ್ನಷ್ಟೇ ಹಾಕಿದರೆ ಕಂಪನಿ ಆ ಕೋಣೆಯನ್ನು ಮಾತ್ರ ಗುಡಿಸಬಹುದು, ನಿಮ್ಮ ಮಗುವಿನ ಫೋಟೋ ಮುಟ್ಟಲಾಗದು. ಇಡೀ ಫೋನನ್ನೇ ಒಪ್ಪಿಸಿ ಎಂದರೆ ಒಪ್ಪಬೇಡಿ. ಕೆಲಸಕ್ಕೆ ಫೋನು ಬೇಕಿದ್ದರೆ ಅವರೇ ಕೊಡಿಸಲಿ.

ಅಂಗಡಿ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆ ತಿದ್ದಿಸಿದೆವು. ಬೀದಿಗಿಳಿದೆವು, ಲಾಠಿ ಏಟು ತಿಂದೆವು. ದಿನಕ್ಕೆ ಒಂಬತ್ತು ಗಂಟೆ ನೀವು ದಿಟ್ಟಿಸುವ ಬೋರ್ಡು ಯಾವುದು? ಎಂ.ಜಿ. ರಸ್ತೆಯ ಅಂಗಡಿಯದೋ, ನಿಮ್ಮ ಪರದೆಯದೋ? ಅದರಲ್ಲಿ ಶೇಕಡ ಎಷ್ಟು?

ಸರ್ಕಾರದಿಂದ ಕೇಳಬೇಕಾದ್ದು ದೊಡ್ಡದೇನಲ್ಲ. ಸರ್ಕಾರಿ ಕಚೇರಿಗೆ ಲ್ಯಾಪ್‌ಟಾಪು, ದೂರದ ಡೆಸ್ಕ್‌ಟಾಪು, ನಿರ್ವಹಣೆಯ ತಂತ್ರಾಂಶ ಯಾವುದನ್ನು ಕೊಂಡರೂ ಟೆಂಡರಿನಲ್ಲಿ ಒಂದು ಷರತ್ತು: ಅಚ್ಚಿನಲ್ಲಿ ಕನ್ನಡ ಭಾಷಾಪ್ಯಾಕ್, ಯೂನಿಕೋಡ್ ಫಾಂಟು, ನುಡಿ ವಿನ್ಯಾಸದ ಕೀಲಿಮಣೆ ಮೊದಲೇ ಇರಬೇಕು, ಇಲ್ಲದಿದ್ದರೆ ಬಿಲ್ಲು ಪಾಸಿಲ್ಲ. ಬಿಲ್ಲು ನಿಂತರೆ ಯಾವ ಕಂಪನಿಗೂ ಕನ್ನಡ ಬರುತ್ತದೆ. ನುಡಿಯನ್ನು ದೂರದಿಂದ ಸಾವಿರ ಯಂತ್ರಕ್ಕೆ ಒಂದೇ ಸಲ ಹಾಕುವಂಥ ಪೊಟ್ಟಣವಾಗಿ, ಸಹಿ ಮಾಡಿದ ತಂತ್ರಾಂಶವಾಗಿ ಸರ್ಕಾರ ಬಿಡುಗಡೆ ಮಾಡಲಿ. ಆಗ ಆಡಳಿತಗಾರನಿಗೆ 'ಇದು ಸುರಕ್ಷಿತವೋ ಏನೋ' ಎಂಬ ನೆಪ ಉಳಿಯುವುದಿಲ್ಲ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕಚೇರಿ ತಪಾಸಣೆಗೆ ಹೋದಾಗ ಬಾಗಿಲ ಮೇಲಿನ ಬೋರ್ಡು ಓದಿ ಹಿಂದಿರುಗದೆ, ಒಳಗೆ ಕೂತು ದೂರದ ಡೆಸ್ಕ್‌ಟಾಪು ತೆರೆಸಿ 'ಚಳ್ಳಕೆರೆ' ಎಂದು ಬೆರಳಚ್ಚಿಸಿ ನೋಡಲಿ. ಒತ್ತಕ್ಷರ ಸರಿಯಾಗಿ ಬಂದರೆ ಸಹಿ ಹಾಕಲಿ.

ನಿಮ್ಮ ಪಾಲಿನದು ಸೋಮವಾರ ಬೆಳಿಗ್ಗೆಯೇ ಶುರು. ಕಂಪನಿಯ ಐ.ಟಿ. ವಿಭಾಗಕ್ಕೆ ಟಿಕೆಟ್ ಹಾಕಿ: ನನ್ನ ದೂರದ ಡೆಸ್ಕ್‌ಟಾಪಿನಲ್ಲಿ ಕನ್ನಡ ಕೀಲಿಮಣೆ ಬೇಕು. ಒಬ್ಬರು ಹಾಕಿದರೆ ಮುಚ್ಚುತ್ತಾರೆ. ಹಜಾರದಲ್ಲಿ ಕೂತ ನಲವತ್ತು ಜನ ಕನ್ನಡಿಗರೂ ಹಾಕಿದರೆ ಮೇಲಿನವರಿಗೆ ಹೋಗುತ್ತದೆ. ಟಿಕೆಟನ್ನು ಕನ್ನಡದಲ್ಲೇ ಬರೆಯಿರಿ. ಬರೆಯಲು ಕೀಲಿಮಣೆ ಇಲ್ಲವಲ್ಲ ಅಂದರೆ, ಹಾಳೆಯ ಮೇಲೆ ಕೈಯಲ್ಲಿ ಬರೆದು, ಫೋಟೋ ತೆಗೆದು ಲಗತ್ತಿಸಿ.